ಆಮೆನ್ ಆಗುವ ತನಕ

ಆ ಮನೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹಾಲು ಉಕ್ಕಿದರೆ ಉಕ್ಕಿ ಹೋಗಬೇಕು, ಯಾರೂ ಏಳುವಂತಿರಲಿಲ್ಲ. ಬಾಗಿಲು ಬಡಿದವರು ಹೊರಗೇ ನಿಲ್ಲಬೇಕು. ಸಾಯಬಣ್ಣನ ತಂದೆ ಬೀದರ ಕಡೆಯ ಹಳ್ಳಿಗಳಲ್ಲಿ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದವರು. ಶುರುವಾದ ಪ್ರಾರ್ಥನೆಯನ್ನು ಆಮೆನ್ ಆಗುವ ತನಕ ಯಾರೂ ಕಡಿಯಬಾರದು ಎಂಬುದು ಅವರು ಹಾಕಿಕೊಟ್ಟ ನಿಯಮ. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಸಂಸಾರ ಮುಂಬಯಿಗೆ ಬಂದು ಪರೇಲಿನ ಚಾಳಿನ ಎರಡನೆಯ ಮಾಳಿಗೆಯ ಒಂದೇ ಕೋಣೆಯ ಖೋಲಿಯಲ್ಲಿ ನೆಲೆಸಿ ಹದಿನೆಂಟು ವರ್ಷವಾಗಿತ್ತು. ನಿಯಮ ಮಾತ್ರ ಹಾಗೆಯೇ ಇತ್ತು.

ಸಂಜೆ ಏಳೂವರೆಗೆ ನಾಲ್ವರೂ ಚಾಪೆಯ ಮೇಲೆ ಕೂಡುತ್ತಿದ್ದರು: ಮಿಲ್ಲಿನ ಮೊದಲ ಪಾಳಿ ಮುಗಿಸಿ ಸ್ನಾನ ಮಾಡಿದ ಸಾಯಬಣ್ಣ, ಅವನ ಹೆಂಡತಿ ಕಸ್ತೂರಿಬಾಯಿ, ಕಾಲೇಜಿಗೆ ಹೋಗುವ ಮಗಳು ಸೇವಂತಿ, ಗೋಡೆಗೆ ಒರಗಿ ಸಾಯಬಣ್ಣನ ತಾಯಿ ಗುರುಬಾಯಿ. ಗುರುಬಾಯಿಗೆ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿ, ಮನುಷ್ಯರನ್ನು ದನಿಯಿಂದಲೇ ಗುರುತಿಸುತ್ತಿದ್ದಳು.

ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ದೇಶ ಆಳುವವರು, ಆಮೇಲೆ ಮಳೆ ಬೆಳೆ, ಆಮೇಲೆ ಕನ್ನಡ ಸಭೆಯ ಪಾಸ್ಟರು, ಆಸ್ಪತ್ರೆಯಲ್ಲಿರುವವರು, ಮಿಲ್ಲು. ಕೊನೆಗೆ, ಊಟದ ಆಶೀರ್ವಾದಕ್ಕಿಂತ ಮುಂಚೆ, ಖಂಡಪ್ಪ. ‘ದಾರಿ ತಪ್ಪಿದ ನಿನ್ನ ಮಗ, ನನ್ನ ತಮ್ಮ ಖಂಡಪ್ಪನನ್ನು ಎಲ್ಲಿದ್ದರೂ ಕಾಯಿ, ತಿರುಗಿ ಹಾದಿಗೆ ಹಚ್ಚು.’ ಒಂಬತ್ತು ವರ್ಷದಿಂದ ಒಂದು ಅಕ್ಷರ ಆಚೀಚೆ ಆಗಿರಲಿಲ್ಲ. ಆ ಹೆಸರು ಬಂತೆಂದರೆ ಕಸ್ತೂರಿಬಾಯಿ ಕಣ್ಣು ಮುಚ್ಚಿಕೊಂಡೇ ಪಲ್ಯದ ಪಾತ್ರೆ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಖಂಡಪ್ಪ ಮೊದಲು ಇದೇ ಮನೆಯಲ್ಲಿದ್ದವನು. ಮಿಲ್ಲಿನ ಕೆಲಸ ಹೋದ ಮೇಲೆ ದಹಿಸರದ ಕಲ್ಲಿನ ಕ್ವಾರಿ ಸೇರಿದ. ಅಲ್ಲಿ ಗಂಡ ಬಿಟ್ಟುಹೋದ ನಾಗವ್ವ ಎಂಬ ಹೆಂಗಸಿನ ಜೊತೆ ಸಂಸಾರ ಹೂಡಿದ. ಅವಳು ಸಭೆಯವಳಲ್ಲ, ಮದುವೆಯೂ ಆಗಿರಲಿಲ್ಲ. ಸಭೆಯ ಪುಸ್ತಕದಿಂದ ಅವನ ಹೆಸರು ತೆಗೆಯಬೇಕೆಂದು ಹಿರಿಯರು ಕೂತಾಗ ಮೊದಲು ಕೈ ಎತ್ತಿದವನು ಸಾಯಬಣ್ಣನೇ.

“ನೀನೂ ಕೈ ಎತ್ತಿದೇನು?” ಎಂದು ಅವತ್ತು ತಾಯಿ ಕೇಳಿದ್ದಳು.

“ಎತ್ತಲಿಲ್ಲಂದ್ರ, ತಮ್ಮ ಅಂತ ಬಿಟ್ಟಾನ ಅಂತಿದ್ರು ಅವ್ವಾ.”

ಅವತ್ತು ಸಂಜೆಯೇ ಖಂಡಪ್ಪನ ಹೆಸರು ಪ್ರಾರ್ಥನೆಗೆ ಸೇರಿತು. ಮೊದಲ ವರ್ಷ ಆ ಹೆಸರಿನ ಹತ್ತಿರ ಬಂದಾಗ ಸಾಯಬಣ್ಣ ಒಮ್ಮೆ ತಡೆದು ಮುಂದೆ ಹೋಗುತ್ತಿದ್ದ. ಆಮೇಲೆ ತಡೆಯುವುದು ನಿಂತಿತು. ಹೋಗಿ ನೋಡಿ ಬರಬೇಕೆಂದು ಯಾರಿಗೂ ಅನಿಸಲಿಲ್ಲವೆಂದಲ್ಲ. ತಪ್ಪು ಮಾಡಿದವನು ತಾನೇ ಬರಲಿ ಎಂದು ಸಾಯಬಣ್ಣ ಕಾದ. ಕಾಯುವುದು ಸಲೀಸಾಯಿತು.

ಎಪ್ಪತ್ತಮೂರರ ನವೆಂಬರ್ ತಿಂಗಳ ಕೊನೆಯ ವಾರ, ‘ಎಲ್ಲಿದ್ದರೂ ಕಾಯಿ’ ಎನ್ನುವ ಹೊತ್ತಿಗೆ ಬಾಗಿಲ ಚಿಲಕ ಎರಡು ಸಲ ಸದ್ದಾಯಿತು. ಯಾರೂ ಏಳಲಿಲ್ಲ. ಹೊರಗಿದ್ದವರೂ ಮತ್ತೆ ಸದ್ದು ಮಾಡಲಿಲ್ಲ. ಆಮೆನ್ ಆದ ಮೇಲೆ ಕಸ್ತೂರಿಬಾಯಿ ಬಾಗಿಲು ತೆಗೆದಳು. ನಲವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಬಳೆ ಇರಲಿಲ್ಲ, ಪಾದದ ಬಿರುಕುಗಳಲ್ಲಿ ಬಿಳಿ ಧೂಳು ಕೂತಿತ್ತು.

“ಸಾಯಬಣ್ಣನವರ ಮನಿ ಇದೇ ಏನ್ರಿ?”

ಆ ಕ್ವಾರಿಯ ಧೂಳು ಕಂಡು ಸಾಯಬಣ್ಣ ಒಮ್ಮೆಗೇ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

“ಯಾರೋ ಅದು?” ಎಂದಳು ಗುರುಬಾಯಿ.

“ಮಿಲ್ಲಿನವರು ಅವ್ವಾ,” ಎಂದಿತು ಹೊರಗಿನ ದನಿ.

“ಹೆಣ್ಣ ದನಿ ಇತ್ತಲ್ಲ.”

“ಮಿಲ್ಲಿನಾಗ ಹೆಣ್ಮಕ್ಕಳೂ ಅದಾರ.”

ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸುವುದು ಕಸ್ತೂರಿಬಾಯಿಗೆ ಆಗದ ಮಾತು. ತಂಬಿಗೆ ಹಿಡಿದು ಗ್ಯಾಲರಿಗೆ ಹೋದಳು. ಆ ಹೆಂಗಸು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು.

“ಶ್ರಾವಣದಾಗ ಹೋದ್ರಿ. ಎರಡನೇ ಸೋಮವಾರ. ಎದಿ ತುಂಬ ಕಲ್ಲಿನ ಪುಡಿ ಕೂತದ ಅಂದ್ರು ಡಾಕ್ಟರು. ನಿಮ್ಮ ಮನಿ ಎಲ್ಲಿ ಅಂತ ನನಗ ತಿಳದಿರಲಿಲ್ಲ. ಮೊನ್ನಿ ಅವರ ಟ್ರಂಕಿನಾಗ ಹಳೇ ಕಾರ್ಡ್ ಸಿಕ್ತು, ಕ್ವಾರಿ ಮುಕಾದಮ ಓದಿ ಹೇಳಿದ.”

ಸಾಯಬಣ್ಣ ಗ್ಯಾಲರಿಯ ಕಟಾಂಜನ ಹಿಡಿದು ನಿಂತಿದ್ದ. ಐದು ನಿಮಿಷದ ಹಿಂದೆ ಅವನು ಕಾಯಿ ಎಂದು ಬೇಡಿದ ತಮ್ಮ ಮೂರೂವರೆ ತಿಂಗಳ ಹಿಂದೆಯೇ ಮಣ್ಣಾಗಿದ್ದ.

“ಸುಡಬ್ಯಾಡ, ಮಣ್ಣ ಮಾಡು ಅಂದಿದ್ರು. ಮಾಡಿಸೀನಿ. ಗುಡ್ಡದ ಮಗ್ಗಲಕ್ಕ. ನಿಮ್ಮ ಪದ್ಧತಿ ನನಗ ತಿಳಿಯಂಗಿಲ್ರಿ. ನೀವ್ ಬಂದು ಒಂದು ಪ್ರಾರ್ಥನಿ ಮಾಡಿದ್ರ ಸಾಕು. ಬ್ಯಾರೆ ಏನೂ ಬೇಡ್ಲಿಕ್ಕ ಬಂದಿಲ್ಲ.”

“ನೋಡೂಣು,” ಎಂದ ಸಾಯಬಣ್ಣ. ಬಾಗಿಲ ಕಡೆ ನೋಡಿ, “ನಮ್ಮವ್ವನ ಎದಿ ಬರೋಬರಿ ಇಲ್ಲ. ಆಕಿಗೆ ತಿಳಿಬಾರದು. ನೀ ಇಲ್ಲಿಗೆ ಬರಬ್ಯಾಡ,” ಎಂದ.

“ಆಗಲ್ರಿ.”

ಅವಳು ನೀರು ಕುಡಿದು, ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಕಸ್ತೂರಿಬಾಯಿ ಒಳಗೆ ಹೋಗಿ ಮೂರು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದು ಮೆಟ್ಟಿಲ ಬಳಿ ಅವಳನ್ನು ಹಿಡಿದು, ಗಂಟನ್ನು ಎಡಗೈಯಿಂದ ಚಾಚಿದಳು.

“ನಾನು ಅವನ ವೈನಿ, ಅಣ್ಣನ ಹೇಣ್ತಿ.”

“ಗೊತ್ತಾತ್ರಿ. ನಮ್ಮ ವೈನಿ ಎಲ್ಲಾ ಎಡಗೈಲೆ ಮಾಡ್ತಾಳ, ರೊಟ್ಟಿ ಮಾತ್ರ ಭಾಳ ಚಂದ ಬಡೀತಾಳ ಅಂತಿದ್ರು,” ಎಂದಳು ನಾಗವ್ವ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು ಹೋದಳು.

ಮರುದಿನ ಸಂಜೆ ಪ್ರಾರ್ಥನೆ ಮಿಲ್ಲಿನ ತನಕ ಎಂದಿನಂತೆ ಬಂತು. ಅಲ್ಲಿ ಸಾಯಬಣ್ಣ ನಿಂತ. ಕಸ್ತೂರಿಬಾಯಿಯ ಕೈ ಪಲ್ಯದ ಪಾತ್ರೆಯ ಕಡೆ ಹೋಗಲಿಲ್ಲ. ಗೋಡೆಯ ಕಡೆಯಿಂದ ಗುರುಬಾಯಿ ಕೆಮ್ಮಿದಳು. “ದಾರಿ ತಪ್ಪಿದ ನಿನ್ನ ಮಗ, ನನ್ನ ತಮ್ಮ ಖಂಡಪ್ಪನನ್ನು ಎಲ್ಲಿದ್ದರೂ ಕಾಯಿ, ತಿರುಗಿ ಹಾದಿಗೆ ಹಚ್ಚು,” ಎಂದ ಸಾಯಬಣ್ಣ. ಕಸ್ತೂರಿಬಾಯಿಯ ಬಾಯಿಂದ ಆಮೆನ್ ಹೊರಡಲಿಲ್ಲ.

ಬೆಳಗಿನ ಐದಕ್ಕೆ ನಳದ ಹತ್ತಿರ ಗಂಡ ಹೆಂಡತಿ ಇಬ್ಬರೇ ಸಿಕ್ಕರು.

“ನಿನ್ನಿ ಹಂಗ್ಯಾಕ ಅಂದ್ರಿ?”

“ರೂಢಿಲೆ ಬಂತು.”

“ಮೊನ್ನಿ ರೂಢಿ. ನಿನ್ನಿ ನಿಮಗ ಗೊತ್ತಿತ್ತು.”

“ಅವ್ವನ ಎದಿ ಹ್ಯಾಂಗದ ನಿನಗ ತಿಳೀದೇನು? ಒಮ್ಮಿಗೇ ಬಿಟ್ರ ಅವ್ವಗ ಅನುಮಾನ ಬರ್ತದ.”

“ದಹಿಸರಕ್ಕರೇ ಹೋಗಿ ಬರ್ರಿ. ನಾ ಏನರೇ ನೆಪ ಹೇಳ್ತೀನಿ.”

ಸಾಯಬಣ್ಣ ಬಕೆಟ್ಟು ಎತ್ತಿ ಮತ್ತೆ ಕೆಳಗಿಟ್ಟ. “ಬರೂ ಭಾನುವಾರ ಬಿಟ್ಟು ಮುಂದಿನ ಭಾನುವಾರ ದೊಡ್ಡ ಪಾಸ್ಟರು ಬರ್ತಾರ. ನನಗ ಉಪದೇಶಿ ಪತ್ರ ಕೊಡ್ತಾರ. ನಮ್ಮಪ್ಪನ ಜಾಗಾ ಅದು. ತಮ್ಮ ಸತ್ತದ್ದು ಮೂರು ತಿಂಗಳು ತಿಳೀದವ ನಮಗೇನು ಉಪದೇಶ ಮಾಡ್ತಾನ ಅಂತ ಒಬ್ಬನರೇ ಕೇಳ್ತಾನೋ ಇಲ್ಲೋ? ಆ ಭಾನುವಾರ ದಾಟಲಿ.”

“ಅಂದ್ರ ಕಾರಣ ಅತ್ತಿಯವರ ಎದಿ ಅಲ್ಲ.”

“ಅದೂ ಅದ. ಇದೂ ಅದ,” ಎಂದ ಅವನು. ತಾಯಿಯ ಸ್ನಾನಕ್ಕೆಂದು ಎರಡು ಬಕೆಟ್ಟು ನೀರು ತಾನೇ ಹೊತ್ತುಕೊಂಡು ಹೋದ. ಅದು ಅವನು ಒಂದು ದಿನವೂ ತಪ್ಪಿಸದ ಕೆಲಸ. ಅದಕ್ಕೇ ಕಸ್ತೂರಿಬಾಯಿಗೆ ಅವನ ಮೇಲೆ ಪೂರ್ತಿ ಸಿಟ್ಟು ಬರಲಿಲ್ಲ.

ಒಂದೇ ಖೋಲಿಯ ಮನೆಯಲ್ಲಿ ಗುಟ್ಟು ಮೂರು ದಿನ ನಿಂತದ್ದೇ ಹೆಚ್ಚು. ಅಜ್ಜಿ ಗ್ಯಾಲರಿಯಲ್ಲಿ ಬಿಸಿಲಿಗೆ ಕೂತಾಗ ಸೇವಂತಿ ತಾಯಿಯನ್ನು ಕೆದಕಿ ಕೇಳಿದಳು. ಸಂಜೆ ಅಪ್ಪ ಬರುವುದನ್ನೇ ಕಾದು ಮೆಟ್ಟಿಲ ಬಳಿ ನಿಲ್ಲಿಸಿದಳು. ಅವಳ ಕನ್ನಡ ಸಿಟ್ಟಿನಲ್ಲಿ ಇನ್ನೂ ತೊದಲಿ ಹಿಂದಿಗೆ ಜಾರುತ್ತಿತ್ತು.

“ಪಪ್ಪಾ, ಕಾಕಾ ಇಲ್ಲ. ಫಿರ್ ಭೀ ರೋಜ್ ಅವರನ್ನ ಕಾಯಿ ಅಂತ... ಯೇ ಝೂಟ್ ಹೈ ನಾ, ಸುಳ್ಳು?”

“ಸಣ್ಣ ದನಿಲೆ ಮಾತಾಡು.”

“ಸಣ್ಣ ದನಿಲೆ ಹೇಳಿದ್ರ ಝೂಟ್ ಸಚ್ ಆಗ್ತದ ಕ್ಯಾ?”

“ನಿನಗ ಕಾಲೇಜಿನಾಗ ಇದೇ ಕಲಸ್ತಾರೇನು, ಅಪ್ಪಗ ಎದುರು ಮಾತಾಡೂದು?”

“ನಾನು ಆಮೆನ್ ಅನ್ನಲ್ಲ. ಬಸ್.”

ಅಂದಿನಿಂದ ಅವಳೂ ಅನ್ನಲಿಲ್ಲ. ಮರುದಿನ ಊಟಕ್ಕೆ ಕೂತಾಗ ಗುರುಬಾಯಿ ರೊಟ್ಟಿ ಮುರಿಯುತ್ತ ಹೇಳಿದಳು: “ಕಸ್ತೂರಿ, ಈ ಮನ್ಯಾಗ ಮೊದಲು ನಾಕು ಆಮೆನ್ ಕೇಳ್ತಿದ್ದವು. ಈಗ ಎರಡೇ ಕೇಳ್ತಾವ. ಒಂದು ನನ್ನದೇ.”

“ನೆಗಡಿ ಆಗ್ಯದ ಅತ್ತಿ.”

“ಇಬ್ಬರಿಗೂ?”

“ಗಾಳಿನೇ ಹಂಗದ ಅವ್ವಾ,” ಎಂದ ಸಾಯಬಣ್ಣ.

ಗುರುಬಾಯಿ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿದಳು. ರೇಷನ್ನಿನ ಕೆಂಪು ಜೋಳದ ರೊಟ್ಟಿ, ಬಾಯಿಗೆ ಮರಳಿನ ಹಾಗೆ ಸಿಗುತ್ತಿತ್ತು. “ಕಸ್ತೂರಿ, ಈ ವಾರದ ಸಕ್ಕರಿ ತಗದಿಡು. ಕರ್ಚಿಕಾಯಿಗಿ ಬೇಕು. ಖಂಡ್ಯಾನ ಪಾಲು ಈ ಸಲ ಹೆಚ್ಚಿಗಿ ಮಾಡೂಣು.”

ಪ್ರತಿ ಕ್ರಿಸ್‌ಮಸ್ಸಿಗೆ ಗುರುಬಾಯಿ ಒಂದು ಡಬ್ಬಿಯಲ್ಲಿ ಕಿರಿಯ ಮಗನ ಪಾಲು ತೆಗೆದಿಡುತ್ತಿದ್ದಳು. ಅವನು ಬರದೆ ಹೊಸ ವರ್ಷ ದಾಟಿದರೆ, ಡಬ್ಬಿಯನ್ನು ಎದುರು ಖೋಲಿಯ ತಾಜಬಿಯ ಮಕ್ಕಳಿಗೆ ತಾನೇ ಕೊಡುತ್ತಿದ್ದಳು. ತಾಜಬಿ ಖಾಲಿ ಡಬ್ಬಿಯನ್ನು ಎಂದೂ ಖಾಲಿಯಾಗಿ ತಿರುಗಿಸಿದವಳಲ್ಲ, ಒಂದು ಹಿಡಿ ಶೇಂಗಾ ಆದರೂ ಹಾಕಿ ಕೊಡುತ್ತಿದ್ದಳು.

“ಹೆಚ್ಚಿಗಿ ಯಾಕ ಅತ್ತಿ?”

“ಈ ಸಲ ಬರ್ತಾನ ಅನಸ್ತದ. ಇಷ್ಟು ಪ್ರಾರ್ಥನಾ ಮಾಡ್ಲಿಕ್ಕತ್ತೀವಿ, ದೇವರಿಗಿ ಕಿವಿ ಇಲ್ಲೇನು?”

ಸಾಯಬಣ್ಣ ಅರ್ಧ ಊಟಕ್ಕೇ ಕೈ ತೊಳೆದ.

ಆ ಶನಿವಾರ ಸೀಮೆಎಣ್ಣೆಯ ಸಾಲಿನಲ್ಲಿ ತಾಜಬಿ ಕಸ್ತೂರಿಬಾಯಿಯ ಮುಂದೆ ನಿಂತಿದ್ದಳು. ಗುಲ್ಬರ್ಗದ ಕಡೆಯವಳು, ಖಂಡಪ್ಪ ಮನೆ ಬಿಟ್ಟ ಮೇಲೆ ಬಂದವಳು, ಚಾಳಿನಲ್ಲಿ ಕಸ್ತೂರಿಬಾಯಿಗೆ ಇದ್ದ ಒಬ್ಬಳೇ ಗೆಳತಿ. ಅವಳಿಗೆ ಎಲ್ಲವನ್ನೂ ಹೇಳಿದ ಮೇಲೆ ಕಸ್ತೂರಿಬಾಯಿಯ ಎದೆ ಸ್ವಲ್ಪ ಹಗುರಾಯಿತು. ತಾಜಬಿ ಮಾತ್ರ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟಳು.

“ಅಕ್ಕಾ, ನಿನ್ನ ಮೈದುನ ಎತ್ತರ ಇದ್ದನೇನು? ಹುಬ್ಬಿನ ಮ್ಯಾಲ ಗಾಯದ ಗುರುತು?”

“ಎಡಹುಬ್ಬು. ಮಗ್ಗದ ಕಟ್ಟಗಿ ಬಡದಿತ್ತು.”

“ಯಾ ಅಲ್ಲಾಹ್! ಮಳೆಗಾಲದಾಗ ಬಂದಿದ್ದ ಅಕ್ಕಾ. ನಿಮ್ಮ ಬಾಗಿಲಿಗಿ.”

ಕಸ್ತೂರಿಬಾಯಿ ತನ್ನ ಡಬ್ಬವನ್ನೂ ಕೆಳಗಿಳಿಸಿದಳು.

“ತೋಯ್ಸಕೊಂಡಿದ್ದ. ನಿಮ್ಮದು ಒಳಗ ನಡದಿತ್ತು. ಬಾಗಿಲ ಬಡಿ ಅಂದೆ. ‘ಪ್ರಾರ್ಥನಾ ನಡದದ, ಕಡೀಬಾರದು’ ಅಂದ. ಮೆಟ್ಟಲ ಮ್ಯಾಲ ಕೂತ. ನಾನೇ ಚಾ ಕೊಟ್ಟೆ. ಕೆಮ್ಮು ಬಂದ್ರ ಟಾವೆಲ್ ಬಾಯಾಗ ಒತ್ತಿಕೊಳ್ತಿದ್ದ, ನಿಮಗ ಕೇಳಿಸಬಾರದು ಅಂತ. ನಡುವ ಒಮ್ಮಿ ನಕ್ಕ. ‘ನಮ್ಮಣ್ಣ ನನ್ನ ಹೆಸರು ತಗೊಂಡ’ ಅಂದ. ಆಮ್ಯಾಲ ಒಳಗ ‘ಹಾದಿಗೆ ಹಚ್ಚು’ ಅಂದದ್ದು ಕೇಳಿಸಿಕೊಂಡ. ಕಪ್ಪು ಕೆಳಗಿಟ್ಟು ಎದ್ದು ಹೋದ.”

“ನನಗ ಹೇಳಲಿಲ್ಲ ನೀ.”

“ಚರ್ಚಿನವರೆಲ್ಲ ಅಣ್ಣಾ ಅಂತಾರಲ್ಲ, ಅವರಾಗಿನ ಯಾರೋ ಬಡವ ಅನಕೊಂಡೆ ಅಕ್ಕಾ. ನಿನ್ನ ಮನಿಮಗ ಅಂತ ತಿಳದಿದ್ರ ನಾ ಬಾಗಿಲ ಒಡೀತಿದ್ದೆ.”

ಸಾಲು ಮುಂದೆ ಸರಿಯಿತು. ಹಿಂದಿನವಳು ಕೂಗಿದ ಮೇಲೆ ಕಸ್ತೂರಿಬಾಯಿ ನಡೆದಳು. ಅವಳ ಡಬ್ಬವನ್ನೂ ತಾಜಬಿಯೇ ಹೊತ್ತಳು.

ಬುಧವಾರ, ಹಬ್ಬದ ಬಟ್ಟೆಗೆಂದು ಅತ್ತೆಗೆ ಹೇಳಿ, ತಾಯಿ ಮಗಳು ದಾದರಿನಲ್ಲಿ ವಿರಾರ್ ಗಾಡಿ ಹತ್ತಿದರು. ಅತ್ತೆಯನ್ನು ನೋಡಿಕೊಳ್ಳಲು ತಾಜಬಿ ಹೊಲಿಗೆ ಹಿಡಿದುಕೊಂಡು ಬಂದು ಕೂತಿದ್ದಳು. ದಹಿಸರದಲ್ಲಿ ಇಳಿದು ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಕ್ವಾರಿ. ಕಲ್ಲು ಒಡೆಯುವ ಯಂತ್ರದ ಸದ್ದು ದೂರದಿಂದಲೇ ಕೇಳುತ್ತಿತ್ತು. ಗಿಡಗಳ ಎಲೆಗಳೆಲ್ಲ ಹಿಟ್ಟು ಸೋಕಿದಂತೆ ಬೆಳ್ಳಗಿದ್ದವು.

ನಾಗವ್ವ ಬುಟ್ಟಿ ಇಳಿಸಿ ಓಡಿಬಂದಳು. ಗುಡಿಸಲಿನಲ್ಲಿ ಕೂಡಿಸಿ ಕರಿಯ ಚಹಾ ಮಾಡಿದಳು. ಹಾಲಿಲ್ಲವೆಂದು ನಾಚಿಕೊಂಡು ಇಬ್ಬರ ಕಪ್ಪಿಗೂ ಒಂದೊಂದು ಚಮಚ ಬೆಲ್ಲ ಹೆಚ್ಚು ಹಾಕಿದಳು. ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಖಂಡಪ್ಪನ ಟೋಪಿ.

“ಅವರು ದಿನಾ ಸಂಜಿಗಿ ಪ್ರಾರ್ಥನಿ ಮಾಡ್ತಿದ್ರಿ. ಉದ್ದಂದು ಅಲ್ಲ. ಅವ್ವ, ಅಣ್ಣ, ವೈನಿ, ಸೇವಂತಿ, ಇವರನ್ನ ಚಲೋ ಇಡು ಅಂತಿದ್ರು. ನಾ ಆಮೆನ್ ಅಂತಿದ್ದೆ. ಈಗ ಅವರಿಲ್ಲಲ್ಲ, ನಾನೇ ಅಂತೀನಿ. ನಾ ನಿಮ್ಮಾಕಿ ಅಲ್ಲ, ಅಂದ್ರ ನಡೀತದೋ ಇಲ್ಲೋ.”

“ನಡೀತದ,” ಎಂದಳು ಸೇವಂತಿ ತಟ್ಟನೆ.

ಗುಡ್ಡದ ಬದಿಯಲ್ಲಿ ಸಮಾಧಿಯಿತ್ತು. ಸುತ್ತ ಒಂದೇ ಅಳತೆಯ ಕಲ್ಲುಗಳನ್ನು ಕೂಡಿಸಿದ್ದರು. ತಲೆಯ ಕಡೆಯ ಕಲ್ಲು ಖಾಲಿಯಿತ್ತು, ಅದರ ಮೇಲೆ ಏನು ಬರೆಯಬೇಕೆಂದು ಯಾರಿಗೂ ತಿಳಿದಿರಲಿಲ್ಲ.

“ನೀವರೇ ಒಂದು ಪ್ರಾರ್ಥನಿ ಮಾಡ್ರಿ ವೈನಿ.”

ಕಸ್ತೂರಿಬಾಯಿ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಒಂದೇ ಒಂದು ಪ್ರಾರ್ಥನೆ ಮಾಡಿರಲಿಲ್ಲ. ಮೊದಲು ಮಾವ ಮಾಡುತ್ತಿದ್ದರು, ಆಮೇಲೆ ಗಂಡ. ಅವಳು ಮತ್ತೆ ಕಣ್ಣು ತೆರೆದಳು.

“ನನಗ ಬರಂಗಿಲ್ಲ ನಾಗವ್ವ. ನಾ ಆಮೆನ್ ಅಷ್ಟೇ ಅಂದಾಕಿ.”

“ಇರ್ಲಿ ಬಿಡ್ರಿ. ಬಂದೀರಲ್ಲ,” ಎಂದು ನಾಗವ್ವ ಅವಳ ಕೈ ಹಿಡಿದುಕೊಂಡಳು. ನಾಗವ್ವನ ಅಂಗೈ ಕಲ್ಲಿನಷ್ಟೇ ಒರಟಾಗಿತ್ತು.

ಮರಳಿ ಬರುವಾಗ ಗಾಡಿಯಲ್ಲಿ ಸೇವಂತಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಕಸ್ತೂರಿಬಾಯಿ ಅಳಲಿಲ್ಲ. ಬಟ್ಟೆ ತರಲಿಲ್ಲವೇಕೆಂದು ಅತ್ತೆ ಕೇಳಿದಾಗ, “ಮನಸ್ಸಿಗಿ ಬರಲಿಲ್ಲ ಅತ್ತಿ,” ಎಂದಳು.

ಭಾನುವಾರ ಬಂತು. ಕನ್ನಡದವರಿಗೆ ಸ್ವಂತ ದೇವಾಲಯ ಇರಲಿಲ್ಲ. ಮರಾಠಿ ಸಭೆಯವರು ತಮ್ಮ ಆರಾಧನೆ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬಿಟ್ಟುಕೊಡುತ್ತಿದ್ದರು. ದೊಡ್ಡ ಪಾಸ್ಟರು ಬಂದಿದ್ದರಿಂದ ಅಂದು ಚಾಪೆ ಸಾಲಲಿಲ್ಲ. ಸಾಯಬಣ್ಣ ಇಸ್ತ್ರಿಯ ಬಿಳಿ ಅಂಗಿ ಹಾಕಿ ಎದ್ದು ನಿಂತು ಸಾಕ್ಷಿ ಹೇಳಿದ. ತಂದೆಯ ಸೇವೆ, ಮುಂಬಯಿಗೆ ಬಂದದ್ದು, ಮಿಲ್ಲು. ಕೊನೆಗೆ ರೂಢಿಯ ಜಾಗಕ್ಕೆ ಬಂದ.

“ನನ್ನ ತಮ್ಮ ದಾರಿ ತಪ್ಪಿದವನು, ಸಭೆಗೆ ಗೊತ್ತೇ ಇದೆ. ಒಂಬತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಅವನಿಗಾಗಿ ಪ್ರಾರ್ಥಿಸಿದ್ದೇನೆ.”

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಜನ ತಲೆದೂಗಿದರು. ಹೆಂಗಸರ ಸಾಲಿನಲ್ಲಿ ಗುರುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೇವಂತಿ ಎದ್ದು ಹೊರಗೆ ಹೋದಳು.

ಪತ್ರ ಕೊಟ್ಟಾದ ಮೇಲೆ ಚಹಾ ಕುಡಿಯುತ್ತ ದೊಡ್ಡ ಪಾಸ್ಟರು ಕಸ್ತೂರಿಬಾಯಿಯನ್ನು ಕೇಳಿದರು. “ಅಮ್ಮಾ, ಮನೆಯಲ್ಲಿ ನೀವೂ ಪ್ರಾರ್ಥನೆ ನಡೆಸುತ್ತೀರಲ್ಲ?”

“ಇಲ್ರಿ.”

“ಉಪದೇಶಿಯ ಹೆಂಡತಿ ನಡೆಸಬೇಕು. ನಾಳೆ ಅವರು ಊರೂರಿಗೆ ಹೋದರೆ?” ಎಂದು ನಕ್ಕು, ಸಾಯಬಣ್ಣನ ಕಡೆ ತಿರುಗಿ, “ಇವತ್ತೇ ಶುರು ಮಾಡಿಸಿ,” ಎಂದರು.

ಮನೆಗೆ ಬಂದ ಸಾಯಬಣ್ಣ ಪತ್ರವನ್ನು ತಂದೆಯ ಫೋಟೋದ ಕೆಳಗೆ ಇಟ್ಟ. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗೆಯಿತ್ತು. ಚಾಪೆ ಹಾಸುವಾಗ ಹೆಂಡತಿಗೆ, “ಇವತ್ತು ನೀ ಮಾಡು. ಕ್ರಮ ನಿನಗ ಬಾಯಿಪಾಠ ಅದ. ಅಂಜಬ್ಯಾಡ, ತಪ್ಪಿದ್ರೂ ನಡೀತದ,” ಎಂದ. ಆ ಮಾತು ಅವನು ಪ್ರೀತಿಯಿಂದಲೇ ಹೇಳಿದ್ದ.

ಕಸ್ತೂರಿಬಾಯಿ ಬಾಗಿಲ ಅಗಳಿ ಹಾಕಿ ಬಂದು ಕೂತಳು. ಸ್ಟೋವಿನ ಮೇಲೆ ಸಾರು ಇತ್ತು. ಅವಳು ಶುರು ಮಾಡಿದಳು. ದನಿ ನಡುಗುತ್ತಿತ್ತು. ಆಳುವವರು, ಮಳೆ ಬೆಳೆ, ಪಾಸ್ಟರು, ಆಸ್ಪತ್ರೆಯವರು, ಮಿಲ್ಲು. ಮಿಲ್ಲು ಆದ ಮೇಲೆ ದನಿ ನಡುಗುವುದು ನಿಂತಿತು.

“ತಂದೇ, ನಮ್ಮ ಖಂಡಪ್ಪ ಈಗ ನಿನ್ನ ಹತ್ರ ಅದಾನ.”

ಸಾಯಬಣ್ಣ ಏಳಲೆಂದು ಚಾಪೆಗೆ ಕೈಯೂರಿದ. ಆದರೆ ಪ್ರಾರ್ಥನೆ ನಡೆದಿತ್ತು.

“ಶ್ರಾವಣದಾಗ ನೀ ಅವನನ್ನ ಕರಕೊಂಡಿ. ನಮಗ ತಿಳೀಲಿಲ್ಲ, ಯಾಕಂದ್ರ ನಾವು ಹೋಗಿ ನೋಡಿರಲಿಲ್ಲ. ಹನ್ನೆರಡು ದಿನದಿಂದ ತಿಳದದ, ಆದ್ರೂ ಅತ್ತಿಯವರಿಗಿ ಹೇಳಿಲ್ಲ. ನಾನೂ ಸುಮ್ಮನಿದ್ದೆ. ಅವ ಸಾಯೂ ಮೊದಲು ನಮ್ಮ ಬಾಗಿಲಿಗಿ ಬಂದಿದ್ದ. ಮಳ್ಯಾಗ. ನಾವು ಒಳಗ ಕೂತು ಅವನ್ನೇ ಕರಕೊಂಡು ಬಾ ಅಂತ ಬೇಡ್ಲಿಕ್ಕತ್ತಿದ್ದೆವು. ಪ್ರಾರ್ಥನಾ ಕಡೀಬಾರದು ಅಂತ ಅವ ಬಾಗಿಲ ಬಡೀಲಿಲ್ಲ. ತಾಜಬಿ ಅವನಿಗಿ ಚಾ ಕೊಟ್ಟಳು. ಆಕಿನ್ನ ಚಲೋ ಇಡು. ನಾಗವ್ವನ್ನ ಚಲೋ ಇಡು. ನಮ್ಮನ್ನ...”

ಸಾರು ಉಕ್ಕಿ ಸ್ಟೋವಿನ ಮೇಲೆ ಸುರಿದು ಚುರ್ ಎಂದಿತು. ಯಾರೂ ಏಳಲಿಲ್ಲ.

“ಬಾಗಿಲಿಗಿ?” ಎಂದ ಸಾಯಬಣ್ಣ. ಅವನ ಕಣ್ಣು ತೆರೆದಿದ್ದವು. ಆ ಮನೆಯಲ್ಲಿ ಮೊದಲ ಸಲ ಪ್ರಾರ್ಥನೆ ಕಡಿದವನು ಅವನೇ. “ಖಂಡ್ಯಾ ನಮ್ಮ ಬಾಗಿಲಿಗಿ ಬಂದಿದ್ದ?”

ಗೋಡೆಯ ಕಡೆಯಿಂದ ಗುರುಬಾಯಿಯ ದನಿ ಬಂತು. ಗಟ್ಟಿಯಾಗಿಯೂ ಇರಲಿಲ್ಲ, ಮೆಲ್ಲಗೂ ಇರಲಿಲ್ಲ.

“ಯಾರು ಮಣ್ಣ ಕೊಟ್ರು, ಕಸ್ತೂರಿ?”

“ಕ್ವಾರಿ ಮಂದಿ ಅತ್ತಿ. ನಾಗವ್ವ ಮಾಡಿಸ್ಯಾಳ.”

“ಆಕಿ ಅವನಿಗಿ ಸರಿಯಾಗಿ ಉಣಸ್ತಿದ್ದಳೇನು?”

“ಉಣಸ್ತಿದ್ದಳು ಅತ್ತಿ. ನಾ ನೋಡಿ ಬಂದೀನಿ. ಭಾಳ ಚಲೋ ಹೆಣ್ಮಗಳು.”

ಗುರುಬಾಯಿ ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡಳು. ಸೇವಂತಿ ಹೋಗಿ ಅಜ್ಜಿಯ ಬೆನ್ನಿಗೆ ಒತ್ತಿ ಕೂತಳು.

“ಅವ್ವಾ,” ಎಂದ ಸಾಯಬಣ್ಣ, “ನಿನ್ನ ಎದಿ ಹಂಗದ ಅಂತ ನಾ...”

“ನನ್ನ ಎದಿ ಮ್ಯಾಲ ಹಾಕಬ್ಯಾಡ ಸಾಯಬಾ. ಅದಕ್ಕ ಮೊದಲೇ ಭಾಳ ಭಾರ ಆಗ್ಯದ.”

ಸಾಯಬಣ್ಣ ರೂಢಿಯಿಂದಲೋ, ಬೇರೇನೂ ತೋಚದೆಯೋ, ಮುಗಿಸಲೆಂದು ಬಾಯಿ ತೆರೆದ.

“ಆಮೆನ್ ಅನಬ್ಯಾಡ,” ಎಂದಳು ಗುರುಬಾಯಿ. “ಇದು ಇನ್ನ ಮುಗದಿಲ್ಲ. ನಾಳೆ ನನ್ನ ಕರಕೊಂಡು ಹೋಗು. ಅಲ್ಲಿ ಮುಗಸೋಣು. ಸೇವಂತಿ, ಬಾಗಿಲ ತಗಿ.”

ಸೇವಂತಿ ಅಗಳಿ ತೆಗೆದಳು. ಎದುರಿನ ಖೋಲಿಯಿಂದ ತಾಜಬಿ ನೋಡಿ, ಏನೂ ಕೇಳದೆ, ಒಂದು ಪಾತ್ರೆಯಲ್ಲಿ ಖಿಚಡಿ ತಂದು ಗುರುಬಾಯಿಯ ಮುಂದೆ ಇಟ್ಟು ಹೋದಳು. ಯಾರೂ ಹೆಚ್ಚು ಉಣ್ಣಲಿಲ್ಲ.

ಸೋಮವಾರ ಸಾಯಬಣ್ಣ ಮಿಲ್ಲಿಗೆ ರಜೆ ಹಾಕಿದ. ನಾಲ್ವರೂ ಹೊರಟರು. ದಹಿಸರ ಸ್ಟೇಶನ್ನಿನ ಸೇತುವೆಯ ಮೇಲೆ ತಾಯಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ಟಾಂಗಾ ಕ್ವಾರಿಯ ಬಾಯಿ ತನಕ ಬಂತು. ಗುಡ್ಡದ ಬದಿಯವರೆಗೆ ಮತ್ತೆ ಹೊತ್ತ. ಅವಳು ಇಡೀ ದಾರಿ ಅವನೊಂದಿಗೆ ಮಾತಾಡಲಿಲ್ಲ.

ಸಮಾಧಿಯ ಮುಂದೆ ಅವಳನ್ನು ಕೂಡಿಸಿದರು. ಅವಳು ಕೈಯಿಂದ ಒಂದೊಂದೇ ಕಲ್ಲು ಮುಟ್ಟಿ ನೋಡಿದಳು, ತಲೆಯಿಂದ ಕಾಲಿನ ತನಕ. “ಉದ್ದಕ ಅದಾನ,” ಎಂದಳು. ಆಮೇಲೆ, “ನಾಗವ್ವ ಎಲ್ಲಿ?” ಎಂದು ಕೇಳಿ ಅವಳನ್ನು ಹತ್ತಿರ ಕೂಡಿಸಿಕೊಂಡಳು.

ಎಲ್ಲರೂ ಸಾಯಬಣ್ಣನ ಕಡೆ ನೋಡಿದರು. ಅವನು ಟೋಪಿ ತೆಗೆದು ಎದೆಗೆ ಹಿಡಿದು ಕಣ್ಣು ಮುಚ್ಚಿದ. “ತಂದೇ,” ಎಂದ. ಮತ್ತೊಮ್ಮೆ “ತಂದೇ,” ಎಂದ. ಒಂಬತ್ತು ವರ್ಷ ಒಂದಕ್ಷರ ತಪ್ಪದೆ ಬಂದ ಮಾತು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಬೇರೆ ಮಾತು ಅವನ ಹತ್ತಿರ ಇರಲಿಲ್ಲ.

ನಾಗವ್ವ, ಅವನಿಗೆ ನಾಚಿಕೆಯಾಗಬಾರದೆಂಬಂತೆ, ಮೆಲ್ಲಗೆ ತಾನೇ ಶುರು ಮಾಡಿದಳು. “ದೇವರೇ, ಅವ್ವ, ಅಣ್ಣ, ವೈನಿ, ಸೇವಂತಿ. ಇವರನ್ನ ಚಲೋ ಇಡು. ಇವರ ಹತ್ರ ನಾ ಅದೀನಿ ಅಂತ ನಮ್ಮವರಿಗಿ ಹೇಳು.” ಅಷ್ಟೇ.

“ಆಮೆನ್,” ಎಂದಳು ಗುರುಬಾಯಿ. ಕಸ್ತೂರಿಬಾಯಿ ಅಂದಳು. ಸೇವಂತಿಯೂ ಅಂದಳು.

ಗುರುಬಾಯಿ ಮುಖ ಎತ್ತಿ ಕಿವಿಗೊಟ್ಟು ಕೂತಳು. ಕಲ್ಲು ಒಡೆಯುವ ಯಂತ್ರ ಸದ್ದು ಮಾಡುತ್ತಲೇ ಇತ್ತು. ಅವಳು ಕಾಯುತ್ತಿರುವುದು ಯಾವುದಕ್ಕೆಂದು ಕಸ್ತೂರಿಬಾಯಿಗೆ ಗೊತ್ತಿತ್ತು. ನಾಗವ್ವನಿಗೆ ಗೊತ್ತಿರಲಿಲ್ಲ. ಅವಳು ಎದ್ದು, ಬಿಸಿಲಿನಲ್ಲಿ ನಿಂತಿದ್ದ ಸಾಯಬಣ್ಣನಿಗೆ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಅವನು ಕುಡಿಯಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನ ಕಾಲ ಬಳಿ ಕುಕ್ಕರಿಸಿದ.

“ಆಮೆನ್,” ಎಂದ.

“ನಾಕು,” ಎಂದಳು ಗುರುಬಾಯಿ. ಹತ್ತಿರ ಬಂದ ನಾಗವ್ವನ ಕೈ ಹುಡುಕಿ ಹಿಡಿದುಕೊಂಡು, ನನ್ನನ್ನು ಎಬ್ಬಿಸು ಎಂದಳು.